ನೋರಾಗೆ ಗೊತ್ತಾಗಬಾರದು

ಗುಟ್ಟು ಕಾಯುವುದಕ್ಕೂ ಒಂದು ಮುಖ ಬೇಕು. ಆಂಬ್ರೋಸ್ ಮಿಲ್ಬರ್ನನಿಗೆ ದೇವರು ಅಂಥ ಮುಖ ಕೊಟ್ಟಿರಲಿಲ್ಲ. ಎಳ್ಳುಕಾಳಷ್ಟು ಸುಳ್ಳು ಬಾಯಿಗೆ ಬಂದರೂ ಸಾಕು, ಅವನ ಎರಡೂ ಕಿವಿ ಬೇಯಿಸಿದ ಏಡಿಯ ಹಾಗೆ ಕೆಂಪಾಗುತ್ತಿದ್ದವು. ಸ್ಕಾರ್‌ಮೌತ್ ಬಂದರಿನಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ. ನೋರಾ ಸ್ಟಾಬರ್ಟಳಿಗಂತೂ ಒಂದನೇ ಕ್ಲಾಸಿನಲ್ಲಿ ಅವನ ಪಕ್ಕ ಕೂತಾಗಿನಿಂದ ಗೊತ್ತು. ಹಾಗಾಗಿ ಅವಳಿಂದಲೇ ಒಂದು ಗುಟ್ಟನ್ನು ಬಚ್ಚಿಡಬೇಕಾಗಿ ಬಂದಾಗ ಆಂಬ್ರೋಸನಿಗೆ ತೋಚಿದ್ದು ಒಂದೇ ದಾರಿ. ಅವಳಿಗೆ ಮುಖ ತೋರಿಸುವುದನ್ನೇ ಬಿಟ್ಟುಬಿಟ್ಟ.

ಹಾಗೆ ಬಿಟ್ಟದ್ದು ಸಣ್ಣದನ್ನೇನೂ ಅಲ್ಲ. ಹತ್ತೊಂಬತ್ತು ವರ್ಷಗಳಿಂದ ಪ್ರತಿ ಗುರುವಾರ ನಾಲ್ಕು ಗಂಟೆಗೆ ಅವನು ಅವಳ ಮನೆಗೆ ಚಹಾಕ್ಕೆ ಹೋಗುತ್ತಿದ್ದ. ಅವಳು ಕಾವಲಿಯ ಮೇಲೆ ಒಣದ್ರಾಕ್ಷಿ ಹಾಕಿದ ದಪ್ಪ ರೊಟ್ಟಿ ಸುಡುತ್ತಿದ್ದಳು. ಬೆಣ್ಣೆ ಚುಂಯ್ ಎನ್ನುವಾಗ ಇವನು ಟೋಪಿ ತೆಗೆದು ಗೂಟಕ್ಕೆ ಹಾಕುತ್ತಿದ್ದ. ಅವನಿಗೆ ನಾಲ್ಕು, ಅವಳಿಗೆ ಎರಡು. ಮಾತು ಸಮುದ್ರದ ಉಬ್ಬರವಿಳಿತದ್ದು, ಸತ್ತವರದ್ದು, ಸಾಯಲು ತಯಾರಾಗಿರುವವರದ್ದು. ಐದೂವರೆಗೆ ಟೋಪಿ ಮತ್ತೆ ತಲೆಗೆ. ಪಾದ್ರಿಯ ಎದುರು ಆಡಬಾರದ ಒಂದು ಮಾತನ್ನೂ ಅವನು ಆ ಹತ್ತೊಂಬತ್ತು ವರ್ಷಗಳಲ್ಲಿ ಆಡಿರಲಿಲ್ಲ. ಆಡಬೇಕೆಂದಿದ್ದ ಮಾತೊಂದಿತ್ತು. ಅದನ್ನು ಪ್ರತಿ ಗುರುವಾರ ಅವಳ ಮನೆಯ ತನಕ ಹೊತ್ತುಕೊಂಡು ಹೋಗಿ, ಹಾಗೆಯೇ ವಾಪಸು ಹೊತ್ತುಕೊಂಡು ಬರುತ್ತಿದ್ದ. ಬಂದರಿನ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಗುಮಾಸ್ತಿಕೆ ಮಾಡಿದ್ದ ಬ್ರಹ್ಮಚಾರಿ ಮನುಷ್ಯ. ಅರ್ಜಿ ನಮೂನೆ ಇಲ್ಲದೆ ಏನನ್ನಾದರೂ ಕೇಳುವುದು ಹೇಗೆಂದೇ ಅವನಿಗೆ ತಿಳಿಯದು.

ನಮೂನೆ ಸಿಕ್ಕಿದ್ದೂ ಬೇರೆ ವಿಷಯಕ್ಕೆ. ಪಕ್ಕದ ಊರಿನ ಗಾಲ್ಫ್ ಕ್ಲಬ್ಬಿನ ಕಾರ್ಯದರ್ಶಿಯೊಬ್ಬನಿಗೆ ಎಂ.ಬಿ.ಇ. ಪದಕ ಬಂದಿದೆ ಎಂದು ಒಂದು ದಿನ ಪತ್ರಿಕೆಯಲ್ಲಿ ಓದಿದ. ಬ್ರಿಟಿಷ್ ಸಾಮ್ರಾಜ್ಯದ ಹೆಸರಿನ ಪದಕ ಅದು. ಸಾಮ್ರಾಜ್ಯ ಮುಳುಗಿ ಎಷ್ಟೋ ಕಾಲವಾಯಿತು, ಪದಕ ಮಾತ್ರ ವರ್ಷಕ್ಕೆ ಎರಡು ಸಲ ತೇಲಿ ಬರುತ್ತಲೇ ಇದೆ. ಇರಲಿ. ಆಂಬ್ರೋಸನ ಹೊಟ್ಟೆ ಉರಿದುಹೋಯಿತು. ನಲವತ್ತು ವರ್ಷ ಹುಲ್ಲು ಕತ್ತರಿಸುವವರ ಮೇಲೆ ರೇಗಾಡಿದವನನ್ನು ರಾಣಿ ಅರಮನೆಗೆ ಕರೆಯುತ್ತಾಳೆ, ನಮ್ಮ ನೋರಾಳ ಹೆಸರು ಅಲ್ಲಿ ಯಾರಿಗೂ ಗೊತ್ತಿಲ್ಲವೆಂದರೆ?

ನೋರಾ ಮಾಡಿದ್ದೇನೆಂದರೆ, ಆ ಊರಿನ ಮಕ್ಕಳಿಗೆಲ್ಲ ಈಜು ಕಲಿಸಿದ್ದು. ಅಲ್ಲಿನ ಬೆಸ್ತರು ಈಜು ಕಲಿಯುತ್ತಿರಲಿಲ್ಲ. ಆ ಚಳಿನೀರಿಗೆ ಬಿದ್ದ ಮೇಲೆ ಕಲಿತಿದ್ದರೆಷ್ಟು ಬಿಟ್ಟರೆಷ್ಟು ಎಂದು ಅವರ ವಾದ. ನೋರಾಳ ಅಣ್ಣ ಅಲೆಕ್ ಬಂದರಿನ ಕಟ್ಟೆಯಿಂದ ಮೂವತ್ತು ಗಜ ದೂರದಲ್ಲಿ, ಊರವರೆಲ್ಲ ನೋಡುತ್ತಿದ್ದ ಹಾಗೆಯೇ ಮುಳುಗಿಹೋದ. ಅವಳಿಗೆ ಆಗ ಹದಿನೇಳು. ಮರುವರ್ಷವೇ ಪುಸ್ತಕ ನೋಡಿ ಈಜು ಕಲಿತಳು. ಆಮೇಲೆ ಉತ್ತರ ದಂಡೆಯ ಬಂಡೆಗಳ ನಡುವಿನ ಹೊಂಡದಲ್ಲಿ, ಪ್ರತಿ ಬೇಸಿಗೆ, ಮಕ್ಕಳ ಸೊಂಟಕ್ಕೆ ಹಗ್ಗ ಕಟ್ಟಿ, ಬಾಯಲ್ಲಿ ಸೀಟಿ ಕಚ್ಚಿಕೊಂಡು ನಿಂತಳು. ಐವತ್ತು ಬೇಸಿಗೆ. ಯಾರಿಂದಲೂ ಒಂದು ಕಾಸು ಮುಟ್ಟಲಿಲ್ಲ. ಆಮೇಲೆ ಆ ಊರಿನ ಒಂದು ಮಗುವೂ ನೀರುಪಾಲಾಗಲಿಲ್ಲ.

ಆಂಬ್ರೋಸ್ ಲಂಡನ್ನಿಗೆ ಬರೆದು ನಮೂನೆ ತರಿಸಿದ. ಹಾಳಾದರೆ ಇರಲಿ ಎಂದು ಎರಡು ತರಿಸಿದ. ಅವಳ ಸೇವೆಯ ವಿವರಕ್ಕೆ ಕೊಟ್ಟ ಜಾಗ ಸಾಲದೆ ಏಳು ಪ್ರತ್ಯೇಕ ಹಾಳೆ ಲಗತ್ತಿಸಿದ. ತಡವಾದದ್ದು ಒಂದು ಸಣ್ಣ ಚೌಕದಲ್ಲಿ. 'ಈ ವ್ಯಕ್ತಿಗೂ ನಿಮಗೂ ಇರುವ ಸಂಬಂಧ' ಎಂದು ಅಲ್ಲಿ ಕೇಳಿತ್ತು. ಅದರ ಮುಂದೆ ಮೂರು ದಿನ ಪೆನ್ನು ಹಿಡಿದು ಕೂತ. ಸ್ನೇಹಿತ ಎಂದರೆ ಪಕ್ಷಪಾತ ಎಂದುಕೊಂಡಾರು. ಅದಕ್ಕಿಂತ ಹೆಚ್ಚಿನದನ್ನು ಬರೆಯಲು ಅವನಿಗೆ ಹಕ್ಕಿರಲಿಲ್ಲ. ಕೊನೆಗೆ 'ಪರಿಚಿತರು' ಎಂದು ಬರೆದು ಮುಗಿಸಿದ.

ಅದೇ ಪುಟದ ಕೊನೆಯಲ್ಲಿ ದಪ್ಪಕ್ಷರದ ಎಚ್ಚರಿಕೆಯಿತ್ತು. ಹೆಸರು ಸೂಚಿಸಿರುವ ವಿಷಯ ಆ ವ್ಯಕ್ತಿಗೆ ತಿಳಿಯಕೂಡದು, ಆಸೆ ಹುಟ್ಟಿಸಿ ನಿರಾಸೆ ಮಾಡುವುದು ನ್ಯಾಯವಲ್ಲ ಎಂದು. ಆಂಬ್ರೋಸನಿಗೆ ದಪ್ಪಕ್ಷರವೆಂದರೆ ವೇದವಾಕ್ಯ.

ಬೆಂಬಲದ ಪತ್ರಗಳೂ ಬೇಕಿದ್ದವು. ನಾಲ್ವರ ಹತ್ತಿರ ಹೋದ. ವೈದ್ಯರು, ಶಾಲೆಯ ಮುಖ್ಯೋಪಾಧ್ಯಾಯಿನಿ, ಸಮುದ್ರದಲ್ಲಿ ಜೀವ ಉಳಿಸುವ ದೋಣಿಯ ಮುಖ್ಯಸ್ಥ ಗಿಡಿಯನ್ ರಟರ್, ಮತ್ತೆ ಕಟ್ಟೆಯ ಮೇಲಿನ ಚಹಾದಂಗಡಿಯ ಮಾವಿಸ್. ಗಿಡಿಯನ್ ಆರನೇ ವಯಸ್ಸಿನಲ್ಲಿ ನೋರಾಳ ಹಗ್ಗಕ್ಕೆ ಜೋತುಬಿದ್ದು ಗೋಳಾಡಿದವನು. ಮಾವಿಸ್ ಅಂತೂ ಊರಿನ ಡಂಗುರ.

"ಅಯ್ಯೋ ಯಜಮಾನ್ರೇ, ನನ್ ಬಾಯಿಗೆ ಬೀಗ ಹಾಕೋ ಬದ್ಲು ಅಂಗಡಿಗೇ ಹಾಕ್ಬಿಡಿ, ಸುಲಭ ಆಗತ್ತೆ," ಅಂದಳು.

"ಮಾವಿಸ್, ಇದು ತಮಾಷೆ ಅಲ್ಲ. ನೋರಾಗೆ ಗೊತ್ತಾದ್ರೆ ಎಲ್ಲಾ ಮಣ್ಣುಪಾಲು."

"ಆಯ್ತಪ್ಪ, ಹೇಳಲ್ಲ. ಅವಳು ಬಂದ್ರೆ ಒಳಗೆ ಓಡಿಹೋಗ್ತೀನಿ, ಸರೀನಾ?"

ಅವಳು ಹೇಳಿದಂತೆಯೇ ಮಾಡಿದಳು. ನೋರಾ ಅಂಗಡಿಗೆ ಬಂದರೆ ಮಾವಿಸ್‌ಗೆ ಒಲೆಯ ಮೇಲೆ ಏನೋ ಉಕ್ಕುತ್ತಿತ್ತು. ಗಿಡಿಯನ್ ದೂರದಿಂದಲೇ ಅವಳ ನೀಲಿ ಕೋಟು ಕಂಡು ರಸ್ತೆ ದಾಟುತ್ತಿದ್ದ. ನೋರಾ ಒಬ್ಬಳನ್ನು ಬಿಟ್ಟು ಗುಟ್ಟು ಊರಿಗೆಲ್ಲ ಸೋರಿತ್ತು. ಅವಳು ಯಾವ ಬಾಗಿಲು ತೆರೆದರೂ ಒಳಗಿನ ಮಾತು ತಟ್ಟನೆ ನಿಲ್ಲುತ್ತಿತ್ತು. ಎಲ್ಲರೂ ಅವಳನ್ನು ಪ್ರೀತಿಸುವವರೇ. ಆ ಪ್ರೀತಿಯಿಂದಲೇ ಒಬ್ಬೊಬ್ಬರೂ ಅವಳಿಗೆ ಬೆನ್ನು ತಿರುಗಿಸಿದರು. ಇಡೀ ಊರಿಗೆ ಊರೇ ಇಷ್ಟು ಪೆದ್ದಾಗಬಹುದೆಂದು ಕಣ್ಣಾರೆ ನೋಡದೆ ನಂಬುವುದು ಕಷ್ಟ.

ಕಾಲವೂ ಕೆಟ್ಟದ್ದಾಗಿತ್ತು. ಪಕ್ಕದ ಊರಿನಲ್ಲಿ ಬಿಸಿನೀರಿನ ಈಜುಕೊಳ ಆಗಿ, ಮಕ್ಕಳು ಬಸ್ಸು ಹತ್ತಿ ಅಲ್ಲಿಗೆ ಹೋಗತೊಡಗಿದ್ದರು. ಆ ವರ್ಷ ಜುಲೈಯಲ್ಲಿ ನೋರಾ ಹಗ್ಗ ಸುತ್ತಿಕೊಂಡು ಹೊಂಡದ ಹತ್ತಿರ ಮೂರು ವಾರ ನಿಂತಳು. ಒಂದು ಮಗುವೂ ಬರಲಿಲ್ಲ. ಆಂಬ್ರೋಸ್ ಕಟ್ಟೆಯ ಈಚೆಯಿಂದ ಅದನ್ನು ನೋಡಿದ. ಹೋಗಿ ಪಕ್ಕದಲ್ಲಿ ನಿಲ್ಲಬೇಕೆನಿಸಿತು. ಕಿವಿಗಳ ನೆನಪಾಗಿ ಮನೆಗೆ ಹೋದ.

ಒಮ್ಮೆ ಮೀನಿನಂಗಡಿಯ ಮುಂದೆ ಅವಳ ಕೈಗೆ ಸಿಕ್ಕಿಬಿದ್ದ.

"ಏನೋ, ಬದುಕಿದ್ದೀಯಾ? ಎಷ್ಟು ಗುರುವಾರ ಆಯ್ತು ಗೊತ್ತೇನೋ?"

"ಸ್ವಲ್ಪ ಕೆಲ್ಸ ಇತ್ತು, ನೋರಾ."

"ನಿವೃತ್ತಿ ಆಗಿ ಆರು ವರ್ಷ ಆಗಿರೋನಿಗೆ ಎಂಥಾ ಕೆಲ್ಸ?"

"ಕಾಗದ ಪತ್ರ. ಹಳೇದೆಲ್ಲ ಜೋಡಿಸ್ತಾ ಇದ್ದೆ."

ನೋರಾ ಅವನ ಕಿವಿಗಳನ್ನೇ ನೋಡಿದಳು. ನಗುತ್ತಾಳೆಂದು ಅವನು ಕಾದ. ನಗಲಿಲ್ಲ.

"ನಾನೇನಾದ್ರೂ ಅಂದ್ನೇನೋ ನಿಂಗೆ? ಮನಸ್ಸಿಗೆ ಬೇಜಾರಾಗೋ ಹಾಗೆ?"

"ಛೆ, ಛೆ. ಇಲ್ಲ."

"ಹೋಗ್ಲಿ ಬಿಡು," ಅಂದಳು. ಹೋದಳು. ಅವಳ ಚೀಲದಲ್ಲಿ ಒಂದೇ ಒಂದು ಮೀನಿನ ತುಂಡಿತ್ತು.

ಆ ರಾತ್ರಿ ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡ. ಪದಕ ಬಂದ ದಿನ ಎಲ್ಲ ಸರಿಹೋಗುತ್ತದೆ. ಎಂಥ ಗುಟ್ಟು ಕಾದೆನೆಂದು ತಿಳಿದಾಗ ಅವಳೇ ನಗುತ್ತಾಳೆ. ಪದಕ ಪಡೆಯುವವರು ಅರಮನೆಗೆ ಮೂವರು ಅತಿಥಿಗಳನ್ನು ಕರೆದೊಯ್ಯಬಹುದೆಂದು ಆ ದೇಶದಲ್ಲಿ ಎಲ್ಲರಿಗೂ ಗೊತ್ತು. ಆ ಮೂರು ಕುರ್ಚಿಗಳಲ್ಲಿ ಒಂದರ ಮೇಲೆ ತಾನು ಕೂತಂತೆ ಆಂಬ್ರೋಸ್ ದಿನಾ ಕಲ್ಪಿಸಿಕೊಳ್ಳುತ್ತಿದ್ದ. ಬರುವಾಗ ರೈಲಿನಲ್ಲಿ, ಅವಳ ಕೋಟಿನ ಮೇಲೆ ಪದಕವಿರುವಾಗ, ಆ ಮಾತು ಆಡಿಯೇ ಬಿಡುವುದೆಂದು ನಿಶ್ಚಯಿಸಿದ್ದ. ಇದ್ದೊಂದು ಬೂದು ಬಣ್ಣದ ಸೂಟನ್ನು ದರ್ಜಿಗೆ ಕೊಟ್ಟು ಸೊಂಟದ ಹತ್ತಿರ ಎರಡಂಗುಲ ಬಿಡಿಸಿಯೂ ತಂದ.

ಒಂದೂವರೆ ವರ್ಷ ಕಳೆಯಿತು. ಅಕ್ಟೋಬರಿನಲ್ಲಿ ನೋರಾಳ ಮನೆಯ ಮುಂದೆ 'ಮಾರಾಟಕ್ಕಿದೆ' ಎಂಬ ಹಲಗೆ ನಿಂತಿತು.

ಸುದ್ದಿ ಕೊಟ್ಟವಳು ಮಾವಿಸ್. "ಲೀಡ್ಸ್‌ನಲ್ಲಿ ತಂಗಿ ಮಗಳ ಹತ್ರ ಹೋಗ್ತಾಳಂತೆ, ಕಣ್ರೀ. ಹೊಸ ವರ್ಷ ಆದ ತಕ್ಷಣ. ಸಾಕು ನಿಮ್ಮ ಗುಟ್ಟು. ಹೋಗಿ ಹೇಳ್ಬಿಡಿ."

"ಹೇಳೋ ಹಾಗಿಲ್ಲ."

"ಹೇಳಿದ್ರೆ ರಾಣಿ ಬಂದು ನಿಮ್ಮ ತಲೆ ತೆಗೀತಾಳಾ?"

"ಹೇಳಿ, ಆಮೇಲೆ ಬರ್ದೇ ಹೋದ್ರೆ? ಅವಳ ಮುಖ ನೋಡೋದು ಹೇಗೆ?"

"ಈಗ ಏನು ದಿನಾ ನೋಡ್ತಾ ಇದ್ದೀರಾ?" ಅಂದಳು ಮಾವಿಸ್.

ನವೆಂಬರಿನ ಕೊನೆಯ ಗುರುವಾರ, ನಾಲ್ಕು ಗಂಟೆಗೆ, ಆಂಬ್ರೋಸ್ ಅವಳ ಬಾಗಿಲು ತಟ್ಟಿದ. ಏನು ಹೇಳುವುದೆಂದು ಅವನಿಗೇ ಗೊತ್ತಿರಲಿಲ್ಲ. ಹೇಗಾದರೂ ತಡೆಯಬೇಕು, ಹೇಳದೆಯೇ ತಡೆಯಬೇಕು, ಅಷ್ಟೇ ತಲೆಯಲ್ಲಿದ್ದದ್ದು. ನೋರಾ ಒಂದು ಗಳಿಗೆ ಅವನನ್ನು ನೋಡಿ ಒಳಗೆ ಬಿಟ್ಟಳು. ಗೋಡೆಯ ಚಿತ್ರಗಳು ಇಳಿದಿದ್ದವು. ಪಿಂಗಾಣಿಯೆಲ್ಲ ಪತ್ರಿಕೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿತ್ತು. ಕಾವಲಿಯೂ ಕಟ್ಟಿಯಾಗಿತ್ತು. ಅಂಗಡಿಯ ಬಿಸ್ಕತ್ತು ಕೊಟ್ಟಳು.

ಬಿಸ್ಕತ್ತನ್ನು ಚಹಾದಲ್ಲಿ ಅದ್ದುವಾಗ ಅವನ ಕಣ್ಣು ಬೆಂಕಿಗೂಡಿನ ಮೇಲಿನ ಗಡಿಯಾರದ ಕಡೆ ಹೋಯಿತು. ಅದರ ಹಿಂದಿನಿಂದ ಉದ್ದದ ಬೆಳ್ಳನೆಯ ಲಕೋಟೆಯೊಂದರ ಮೂಲೆ ಇಣುಕುತ್ತಿತ್ತು. ಮೂಲೆಯಲ್ಲಿ ಕಿರೀಟದ ಮುದ್ರೆ. ನಿಮ್ಮ ಅರ್ಜಿ ತಲುಪಿದೆ ಎಂಬ ಎರಡು ಸಾಲಿನ ಪತ್ರ ಅವನಿಗೆ ಬಂದಿದ್ದೂ ಅಂಥದೇ ಲಕೋಟೆಯಲ್ಲಿ. ಬಿಸ್ಕತ್ತು ಮುರಿದು ಚಹಾದೊಳಗೆ ಬಿತ್ತು.

ಬಂದಿದೆ! ಪ್ರಧಾನಿಯ ಕಚೇರಿಯಿಂದ ಬಂದಿದೆ! ನಿಮಗೆ ಈ ಗೌರವ ಕೊಟ್ಟರೆ ಸ್ವೀಕರಿಸುತ್ತೀರಾ ಎಂದು ಕೇಳುವ ಪತ್ರ ಅದು. ಪಟ್ಟಿ ಪ್ರಕಟವಾಗುವ ತನಕ ಯಾರಿಗೂ ಹೇಳಬೇಡಿ ಎಂದು ಅದರಲ್ಲೂ ಬರೆದಿರುತ್ತದೆ. ಹೊಸ ವರ್ಷದ ಪಟ್ಟಿಗೆ ಇನ್ನು ಐದೇ ವಾರ. ಆಂಬ್ರೋಸನ ಎದೆ ಎಷ್ಟು ಜೋರಾಗಿ ಹೊಡೆದುಕೊಂಡಿತೆಂದರೆ, ಅವಳಿಗೆ ಕೇಳಿಸೀತೆಂದು ಕೆಮ್ಮಿದ. ಇಬ್ಬರೂ ಒಂದೇ ಮೇಜಿನ ಎದುರುಬದುರು, ಒಂದೇ ಗುಟ್ಟನ್ನು ಒಬ್ಬರಿಂದೊಬ್ಬರು ಬಚ್ಚಿಟ್ಟುಕೊಂಡು ಕೂತಿದ್ದರು.

"ಆಂಬ್ರೋಸ್, ಒಂದು ಮಾತು ಕೇಳ್ಲಾ?" ಅಂದಳು ನೋರಾ. "ಯಾರೋ ಗುರುತಿಲ್ಲದವ್ರು ಏನೋ ಒಂದು ಕೊಡ್ತೀವಿ ಅಂತಾರೆ ಅಂದ್ಕೋ. ಯಾಕೆ ಅಂತ ಗೊತ್ತಿಲ್ಲ. ತಗೋಬೇಕಾ?"

ಅವನು ನಾಲಿಗೆ ಕಚ್ಚಿಕೊಂಡ. ತಗೋ ಎಂದರೆ ತನಗೆ ಗೊತ್ತೆಂದು ಹೇಳಿಕೊಂಡ ಹಾಗೆ.

"ಅದು ತಗೊಳ್ಳೋರಿಗೆ ಬಿಟ್ಟಿದ್ದು," ಅಂದ.

"ಹೂಂ." ಅವಳು ಬಟ್ಟಲನ್ನು ತಿರುಗಿಸಿದಳು. "ನಾನು ಹೋದ್ರೆ ಈ ಊರಲ್ಲಿ ಯಾರಿಗಾದ್ರೂ ಗೊತ್ತಾಗತ್ತೇನೋ?"

ನನಗೆ ಗೊತ್ತಾಗತ್ತೆ ಎನ್ನುವ ಮಾತು ಬಾಯಿಗೆ ಬಂತು. ಅದನ್ನು ಆಡಿದರೆ ಅದರ ಹಿಂದೆ ಉಳಿದದ್ದೆಲ್ಲ ಬರುತ್ತದೆ, ಅರ್ಜಿಯೂ ಬರುತ್ತದೆ. ಐದು ವಾರ ತಡೆದುಕೊಂಡರೆ ಸಾಕಲ್ಲ. "ಊರು ಅಂದ್ಮೇಲೆ ಜನ ಬರ್ತಾರೆ, ಹೋಗ್ತಾರೆ," ಅಂದ. ಕಿವಿ ಕೆಂಪಗಾಗಿತ್ತು. ಅಷ್ಟು ಹೊತ್ತಿಗೆ ಅವಳು ಕಿಟಕಿಯ ಕಡೆ ತಿರುಗಿದ್ದರಿಂದ ನೋಡಲಿಲ್ಲ.

ಮನೆಗೆ ಹೋಗುವಾಗ ಆ ಮನುಷ್ಯ ಸಿಳ್ಳೆ ಹಾಕಿಕೊಂಡು ಹೋದ! ಎಂಥ ಪರೀಕ್ಷೆಯಲ್ಲಿ ಗೆದ್ದೆನೆಂದುಕೊಂಡ. ಅವನ ತಲೆಗೆ ಮೊಟಕುವವರು ಆಗ ಅಲ್ಲಿ ಯಾರೂ ಇರಲಿಲ್ಲ.

ವರ್ಷದ ಕೊನೆಯ ದಿನ ಬೆಳಿಗ್ಗೆ ಗೌರವ ಪಟ್ಟಿ ಪತ್ರಿಕೆಯಲ್ಲಿ ಬಂತು. ಈ ಪಟ್ಟಿಯಲ್ಲಿ ಬಂದೇ ಬರುತ್ತದೆಂದು ಆಂಬ್ರೋಸ್ ಎಲ್ಲರಿಗೂ ಅಂದಿದ್ದ, ಕಾರಣ ಮಾತ್ರ ಬಿಟ್ಟುಕೊಟ್ಟಿರಲಿಲ್ಲ. ಮಾವಿಸ್ ಹಿಂದಿನ ದಿನವೇ ಕೇಕ್ ಮಾಡಿ, ನೀಲಿ ಸಕ್ಕರೆಯಲ್ಲಿ ನೋರಾಳ ಹೆಸರು ಬರೆದಿಟ್ಟಿದ್ದಳು. ಗಿಡಿಯನ್, ವೈದ್ಯರು, ಮುಖ್ಯೋಪಾಧ್ಯಾಯಿನಿ ಎಲ್ಲರೂ ಅಂಗಡಿಯಲ್ಲಿ ಸೇರಿದ್ದರು. ಆಂಬ್ರೋಸ್ ಬೂದು ಸೂಟಿನಲ್ಲಿ ಬಂದಿದ್ದ. ಓದುವ ಹಕ್ಕು ಅವನದು ಎಂದು ಪತ್ರಿಕೆಯನ್ನು ಅವನ ಮುಂದೆಯೇ ಇಟ್ಟರು.

ಮೊದಲು ಸರ್ ಬಿರುದಿನ ಗಂಡಸರು ಬಂದರು, ಡೇಮ್ ಬಿರುದಿನ ಹೆಂಗಸರು ಬಂದರು, ಅವರ ಕೆಳಗೆ ಸಣ್ಣಕ್ಷರದಲ್ಲಿ ನೂರಾರು ಜನ. ಸ್ಟಾಬರ್ಟ್ ಇರಬೇಕಾದ ಜಾಗದಲ್ಲಿ ಯಾರೋ ಅಂಚೆಯವನು, ಅವನ ಕೆಳಗೆ ಯಾರೋ ದಾದಿ. ಆಂಬ್ರೋಸ್ ಮೂರು ಸಲ ಬೆರಳಿಟ್ಟು ಓದಿದ. ಅವಳ ಹೆಸರು ಇರಲಿಲ್ಲ.

"ಲಂಡನ್ನಿನವ್ರ ಮನೆ ಹಾಳಾಗ," ಅಂದ ಗಿಡಿಯನ್. "ಕೊನೆಗೂ ನಮ್ಮವಳನ್ನ ಬಿಟ್ಟೇಬಿಟ್ರಲ್ಲ."

ಮಾವಿಸ್ ಚಾಕು ತಂದು ಕೇಕಿನ ಮೇಲಿನ ಹೆಸರನ್ನು ಕೆರೆದು ತೆಗೆದಳು. ಪಾಪ, ಅಳುತ್ತಿದ್ದಳು. ಸದ್ಯ, ನೋರಾಗೆ ಇದ್ಯಾವುದೂ ಗೊತ್ತಿಲ್ಲವಲ್ಲ, ಗೊತ್ತಾಗುವುದೂ ಬೇಡ ಎಂದು ಎಲ್ಲರೂ ಮಾತಾಡಿಕೊಂಡರು. ಗಡಿಯಾರದ ಹಿಂದಿನ ಲಕೋಟೆಯನ್ನು ನೋಡಿದವನು ಆಂಬ್ರೋಸ್ ಒಬ್ಬನೇ. ಲಂಡನ್ನಿನವರು ಬಿಟ್ಟಿರಲಿಲ್ಲ. ಬೇಡವೆಂದದ್ದು ನೋರಾಳೇ. ಯಾವ ದಿನ ಬೇಡವೆಂದಳು ಎನ್ನುವುದೂ ಅವನಿಗೆ ಗೊತ್ತಿತ್ತು.

ಮೂರನೇ ತಾರೀಖು ಬೆಳಿಗ್ಗೆ ಅವಳು ಬಸ್ಸು ನಿಲ್ದಾಣದಲ್ಲಿ ಒಂದು ಪೆಟ್ಟಿಗೆಯ ಜೊತೆ ನಿಂತಿದ್ದಳು. ಬೀಳ್ಕೊಡಲು ಯಾರೂ ಬಂದಿರಲಿಲ್ಲ. ಅವಳನ್ನು ಕಂಡರೆ ರಸ್ತೆ ದಾಟುವುದು ಊರಿಗೆ ಅಷ್ಟು ಹೊತ್ತಿಗೆ ಅಭ್ಯಾಸವಾಗಿಹೋಗಿತ್ತು. ಆಂಬ್ರೋಸ್ ಅದೇ ಸೂಟಿನಲ್ಲಿ, ಕಂಕುಳಲ್ಲಿ ಒಂದು ಕಡತ ಇಟ್ಟುಕೊಂಡು ಏದುಸಿರು ಬಿಡುತ್ತಾ ಬಂದ.

"ಯಾರ ಮದ್ವೆಗೋ?" ಅಂದಳು ನೋರಾ.

"ಆ ಗಡಿಯಾರದ ಹಿಂದಿನ ಕಾಗದ. ಬೇಡ ಅಂತ ಬರ್ದ್ಯಾ?"

ಅವಳ ಮುಖ ಬಿಳಚಿಕೊಂಡಿತು. "ನಿಂಗೆ ಹೇಗೆ ಗೊತ್ತು? ನಾನು ಯಾರಿಗೂ ಹೇಳ್ಲಿಲ್ಲ. ಹೇಳ್ಬಾರ್ದು ಅಂತಿತ್ತು."

"ನಿನ್ನ ಹೆಸ್ರು ಕಳ್ಸಿದ್ದು ನಾನು."

"ನೀನಾ?"

"ನಾನು. ಮಾವಿಸ್, ಗಿಡಿಯನ್, ಡಾಕ್ಟ್ರು, ಸ್ಕೂಲಿನ ಮೇಡಂ ಎಲ್ಲಾ ಪತ್ರ ಬರ್ದ್ರು. ನಿಂಗೆ ಹೇಳೋ ಹಾಗಿರ್ಲಿಲ್ಲ."

ನೋರಾ ಪೆಟ್ಟಿಗೆಯ ಮೇಲೆ ಕೂತುಬಿಟ್ಟಳು. "ಅದಕ್ಕೇನಾ ಮಾವಿಸ್‌ಗೆ ಯಾವಾಗ್ಲೂ ಹಾಲು ಉಕ್ತಾ ಇದ್ದದ್ದು? ಅದಕ್ಕೇನಾ ಗಿಡಿಯನ್..." ನಗಲು ನೋಡಿದಳು, ಆಗಲಿಲ್ಲ. "ನಾನು ಅಂದ್ಕೊಂಡೆ, ಯಾವನೋ ಗುಮಾಸ್ತ ಹಳೇ ಪಟ್ಟಿಯಿಂದ ಹೆಸ್ರು ಹೆಕ್ಕಿದಾನೆ ಅಂತ. ಅರಮನೆಗೆ ಮೂರು ಜನ ಬರ್ಬೋದಲ್ಲ? ನಾಲ್ಕು ದಿನ ಕೂತು ಯೋಚ್ನೆ ಮಾಡ್ದೆ ಕಣೋ. ತಂಗಿ ಮಗಳೊಬ್ಳು ಆಯ್ತು. ಇನ್ನೆರಡು ಹೆಸ್ರು ನಂಗೆ ಹೊಳೀಲೇ ಇಲ್ಲ. ಎಪ್ಪತ್ತು ವರ್ಷ ಇದ್ದ ಊರಲ್ಲಿ ಎರಡು ಹೆಸ್ರು. ಅಷ್ಟರಲ್ಲಿ ನೀನು ಬಂದೆ. ನಿನ್ನೇ ಕೇಳೋಣ ಅಂತ ಕೇಳ್ದೆ. ನೀನು ಬಂದರಿನ ನೋಟೀಸ್ ಬೋರ್ಡ್ ಥರ ಮಾತಾಡ್ದೆ. ನೀನು ಹೋದ್ಮೇಲೆ ಬೇಡ ಅಂತ ಗುರುತು ಹಾಕಿ ಪೋಸ್ಟ್ ಮಾಡ್ದೆ."

"ನಿಯಮ ಹಾಗಿತ್ತು, ನೋರಾ."

"ಗೊತ್ತು. ನಿಂದು ಯಾವಾಗ್ಲೂ ನಿಯಮ ಹಾಗೇ ಇರತ್ತೆ."

ಬಸ್ಸು ಬಂತು. ಚಾಲಕ ಇಳಿದು ಪೆಟ್ಟಿಗೆ ಏರಿಸಿದ. ಆಂಬ್ರೋಸನಿಗೆ ಈಗಲಾದರೂ ಹೋಗಬೇಡ ಎನ್ನಬೇಕಿತ್ತು. ಬಾಯಿ ತೆರೆದ. ಮನೆ ಮಾರಿಯಾಗಿದೆ, ಟಿಕೆಟ್ ತೆಗೆದಿದ್ದಾಳೆ, ಹಾಗನ್ನಲು ತಾನ್ಯಾರು ಎಂದೆಲ್ಲ ತಲೆಗೆ ಬಂತು. ಮಾತಿನ ಬದಲು ಕಡತವನ್ನು ಅವಳ ಕೈಗೆ ಕೊಟ್ಟ. "ಎಲ್ಲದ್ರ ನಕಲು ಇದೆ. ಓದು," ಅಂದ. ಅವಳು ಅವನ ತೋಳನ್ನೊಮ್ಮೆ ಹಿಡಿದು, ಬಿಟ್ಟು, ಹತ್ತಿದಳು.

ಕಿಟಕಿಯ ಪಕ್ಕ ಕೂತವಳೇ ಕಡತ ಬಿಚ್ಚಿದಳು. ಮೇಲಿದ್ದದ್ದು ಮಾವಿಸ್‌ಳ ಪತ್ರ. ಓದುತ್ತಾ ಅವಳ ಕೈ ಬಾಯಿಗೆ ಹೋದದ್ದು ಆಂಬ್ರೋಸನಿಗೆ ಕಂಡಿತು. ಬಸ್ಸು ಹೊರಟಾಗ ಗಿಡಿಯನ್ನನ ಪತ್ರಕ್ಕೆ ಬಂದಿದ್ದಳು. ಅವನು ಕೈ ಎತ್ತಿದ. ಅವಳು ಓದುವುದರಲ್ಲಿ ಮುಳುಗಿದ್ದಳು, ತಲೆ ಎತ್ತಲಿಲ್ಲ. ಬಸ್ಸು ಬಂದರಿನ ಮೂಲೆಯಲ್ಲಿ ತಿರುಗಿತು.

ಆಗ ಅವನಿಗೆ ನೆನಪಾಯಿತು. ಕಡತವನ್ನು ಅವನು ಕ್ರಮವಾಗಿಯೇ ಜೋಡಿಸಿದ್ದ. ಅವನ ನಮೂನೆ ಎಲ್ಲಕ್ಕಿಂತ ಕೆಳಗಿತ್ತು. ಊರವರೆಲ್ಲರ ಅಕ್ಕರೆಯನ್ನು ಓದಿ ಮುಗಿಸಿ ಅವಳು ಕೊನೆಗೆ ತಲುಪುವುದು ಆ ಸಣ್ಣ ಚೌಕಕ್ಕೆ. ಈ ವ್ಯಕ್ತಿಗೂ ನಿಮಗೂ ಇರುವ ಸಂಬಂಧ: ಪರಿಚಿತರು.

ನಾಲ್ಕು ಹೆಜ್ಜೆ ಓಡಿದ. ಎಪ್ಪತ್ತರ ಮಂಡಿ ಅಷ್ಟಕ್ಕೇ ಕೈಕೊಟ್ಟಿತು. ಬಂದರಿನ ಕಂಬ ಹಿಡಿದುಕೊಂಡು ನಿಂತ. ಮನುಷ್ಯನಿಗೆ ತನ್ನ ಮೇಲೆ ತನಗೆ ಇಷ್ಟು ಅಸಹ್ಯ ಹುಟ್ಟಬಹುದೆಂದು ಅವನಿಗೆ ಅಲ್ಲಿಯ ತನಕ ತಿಳಿದಿರಲಿಲ್ಲ.

ಮನೆಗೆ ಹೋಗಿ, ಸೂಟನ್ನೂ ಬಿಚ್ಚದೆ, ಮೇಜಿನ ಖಾನೆ ಎಳೆದ. ಹಾಳಾದರೆ ಇರಲಿ ಎಂದು ತರಿಸಿದ್ದ ಎರಡನೇ ನಮೂನೆ ಅಲ್ಲಿ ಖಾಲಿ ಬಿದ್ದಿತ್ತು. ಹೆಸರಿನ ಜಾಗದಲ್ಲಿ ನೋರಾ ಸ್ಟಾಬರ್ಟ್ ಎಂದು ಬರೆದ. ಸೇವೆಯ ವಿವರವನ್ನು ಬಿಟ್ಟು ನೇರ ಆ ಚೌಕಕ್ಕೆ ಬಂದ. ಈ ಸಲ ಮೂರು ದಿನ ಹಿಡಿಯಲಿಲ್ಲ. ಬರೆಯತೊಡಗಿದ. ಚೌಕ ತುಂಬಿತು, ಅಂಚು ತುಂಬಿತು. ಇದು ಲಂಡನ್ನಿಗೆ ಹೋಗುವುದಲ್ಲ, ಲೀಡ್ಸಿಗೆ ಹೋಗುವುದು. ಅವಳು ಉತ್ತರ ಬರೆಯುತ್ತಾಳೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ. ಬರೆಯದಿದ್ದರೆ ಅದು ಅವಳ ತಪ್ಪಂತೂ ಅಲ್ಲ.

ಪುಟದ ಕೆಳಗೆ, ಜಾಗ ಸಾಲದಿದ್ದರೆ ಪ್ರತ್ಯೇಕ ಹಾಳೆ ಲಗತ್ತಿಸಿ ಎಂದಿತ್ತು. ಆಂಬ್ರೋಸ್ ಒಂದು ಹಾಳೆ ಎಳೆದುಕೊಂಡ.